ಉಸಿರು ಕೇಳಿಸಿದರೆ ಪಾಸು

ಬೆಳಗಿನ ಐದೂವರೆ. ರಸ್ತೆಯಲ್ಲಿ ಗಾಡಿಗಳ ಗದ್ದಲ ಏಳುವ ಮೊದಲೇ ಸ್ಪೀಕರಣ್ಣ ತಮ್ಮ ಹಳೆ ಸ್ಪೀಕರ್ ಮಾರುವ ಅಂಗಡಿಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು, ಫ್ಯಾನ್ ಆರಿಸಿ, ಹಳೆಯ ಕಂಪ್ಯೂಟರ್ ಸ್ಪೀಕರುಗಳಿಗೆ ಎಡಗಿವಿ ಒಡ್ಡಿ ಕೂರುತ್ತಾರೆ. ಬಲಗಿವಿ ಒಂಬತ್ತನೇ ವಯಸ್ಸಿನ ಜ್ವರದಲ್ಲೇ ಕೈಕೊಟ್ಟಿದೆ. ಉಳಿದ ಒಂದೇ ಕಿವಿಯನ್ನು ನಂಬಿ ಇಪ್ಪತ್ತಾರು ವರ್ಷ ಈ ಅಂಗಡಿ ನಡೆದಿದೆ ಎಂದರೆ ಮೂಗಿನ ಮೇಲೆ ಬೆರಳಿಡಬೇಕು.

ಪರೀಕ್ಷೆಗೆ ಅವರು ಹಾಡು ಹಾಕುವುದಿಲ್ಲ. ಹೆಂಡತಿ ಮನೆಸಾಮಾನಿನ ಚೀಟಿ ಓದಿದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದಾರೆ: "ಸಕ್ಕರೆ ಎರಡು ಕೆಜಿ, ಸೋಪು ನಾಲ್ಕು..." ದನಿಯನ್ನು ಪಿಸುಮಾತಿನಷ್ಟು ತಗ್ಗಿಸುತ್ತಾರೆ. ಮಾತಿನ ನಡುವೆ ಆಕೆ ಎಳೆದುಕೊಂಡ ಉಸಿರು ಕೇಳಿಸಿದರೆ ಪಾಸು. ಆಮೇಲೆ ಪೂರ್ತಿ ಏರಿಸಿ, ಒಡಕು ಬರುತ್ತದೆಯೇ ಎಂದು ನೋಡುತ್ತಾರೆ. ಕಚೇರಿಗಳು ಎಸೆದ ಮೂವತ್ತು ಜೋಡಿ ಬಂದರೆ ಎರಡೂ ಪರೀಕ್ಷೆ ದಾಟುವುದು ಏಳೋ ಎಂಟೋ.

"ಹಾಡಲ್ಲಿ ಡಬ್ ಡಬ್ ಅಂತ ಎಲ್ಲಾ ಮುಚ್ಚಿಹೋಗುತ್ತೆ. ಮಾತಲ್ಲಿ ಬಣ್ಣ ಬಯಲಾಗುತ್ತೆ" ಎನ್ನುತ್ತಾರೆ. ಅವರ ಗಿರಾಕಿಗಳೆಲ್ಲ ಕೈ ಬಿಗಿಹಿಡಿದು ಖರ್ಚು ಮಾಡುವವರು. "ಜನ ಸ್ಪೀಕರಿನ ಮಿಣಮಿಣ ದೀಪ ನೋಡಿ ಮರುಳಾಗ್ತಾರೆ ಕಣ್ರೀ. ದೀಪಕ್ಕೆ ಕೊಟ್ಟ ದುಡ್ಡು ದನಿಗೆ ಸಿಗಲ್ಲ. ಕೈಲಿ ಎತ್ತಿ ನೋಡಿ, ಡಬ್ಬ ತೀರಾ ಹಗುರ ಇದ್ರೆ ಅಲ್ಲೇ ಇಟ್ಟು ಬನ್ನಿ."

ಹೋದ ತಿಂಗಳು ಒಂದು ಬೆಳಿಗ್ಗೆ ಸಾಲಾಗಿ ಹನ್ನೊಂದು ಜೋಡಿ ಫೇಲಾದವು. ಅನುಮಾನ ಬಂದು, ಎಂದೋ ಪಾಸು ಮಾಡಿ ತಮಗೇ ಇಟ್ಟುಕೊಂಡಿದ್ದ ಜೋಡಿಯನ್ನು ಹಚ್ಚಿದರು. ಅದರಲ್ಲೂ ಉಸಿರಿಲ್ಲ. ಕೆಟ್ಟಿರುವುದು ಸ್ಪೀಕರ್ ಅಲ್ಲ ಎಂದು ಆಗ ಹೊಳೆಯಿತು. ಅಂಗಡಿಗೆ ಬೀಗ ಜಡಿದು ಮನೆಗೆ ಹೋದವರು ನಾಲ್ಕು ದಿನ ಇತ್ತ ತಲೆ ಹಾಕಲಿಲ್ಲ. "ನನಗೇ ಕೇಳಿಸದ್ದನ್ನ ಚೆನ್ನಾಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಐದನೆಯ ದಿನ ಬೀಗದ ಕೈ ಹಿಡಿದು ಹೊರಟವರು ಹೆಂಡತಿ. "ನನ್ನ ಉಸಿರು ನನಗೆ ಗೊತ್ತಾಗಲ್ವಾ? ಏಳಿ, ಸಾಕು ಮುಸುಕು ಹಾಕ್ಕೊಂಡಿದ್ದು" ಎಂದು ಗದರಿದರಂತೆ.

ಈಗ ಇಬ್ಬರೂ ಕೂರುತ್ತಾರೆ. ದನಿ ಏರಿಸಿದಾಗಿನ ಒಡಕನ್ನು ಅವರು ಸ್ಪೀಕರಿನ ಮೇಲೆ ಬೆರಳಿಟ್ಟೇ ಹಿಡಿಯುತ್ತಾರೆ. ತಗ್ಗಿದ ದನಿಗೆ ಮಾತ್ರ ಹೆಂಡತಿಯ ಕಿವಿಯೇ ಗತಿ. ಉಸಿರು ಕೇಳಿಸಿದರೆ ಆಕೆ ಕೈ ಎತ್ತುತ್ತಾರೆ, ಅವರು ಡಬ್ಬದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ.

ಬೇಸರವಿಲ್ಲವೇ ಎಂದರೆ ಸೀಮೆಸುಣ್ಣ ಕೆಳಗಿಟ್ಟು ಹೆಂಡತಿಯತ್ತ ನೋಡುತ್ತಾರೆ.

"ಇಪ್ಪತ್ತಾರು ವರ್ಷ ಇವಳ ಉಸಿರು ಕೇಳಿದ್ದೆ. ಈಗ ಇವಳ ಕೈ ಏಳೋದನ್ನ ನೋಡ್ತೀನಿ. ಒಂದು ಜೋಡಿನೂ ಇನ್ನೂ ವಾಪಸ್ ಬಂದಿಲ್ಲ."