ಮೆಹಬೂಬನ ಸುಲ್ತಾನ ‘ಲೋಕಲ್’ ಅಲ್ಲ

ನಿಮ್ಮ ಮನೆಯ ಟಗರು ಯಾವ ಊರಿನದು, ಯಾವ ತಳಿಯದು ಎಂದು ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ? ಕಳೆದ ವಾರ ಮೆಹಬೂಬನನ್ನು ಕೇಳಿದರು. ಉತ್ತರ ಕೇಳಿ ಸೊನ್ನೆ ಮಾರ್ಕು ಕೊಟ್ಟರು.

ಮೆಹಬೂಬ ಅಸಂಗಿಯಲ್ಲಿ ನಮ್ಮ ಪಕ್ಕದ ಮನೆಯ ದರ್ಜಿ. ಅವನ ಟಗರು ಸುಲ್ತಾನ. ಪಕ್ಕದ ಮಾಡಗ್ಯಾಳ ಊರಿನ ಹೆಸರು ಹೊತ್ತ ಅಪ್ಪಟ ತಳಿ: ಗಿಳಿಮೂಗು, ಉದ್ದ ಕಿವಿ, ಮಹಾ ಜಂಬ. ಮಾರಲು ಸಾಕಿದ್ದಲ್ಲ, ಅವನ ತಾಟಿನಲ್ಲೇ ರೊಟ್ಟಿ ತಿನ್ನುತ್ತದೆ. (ಅವನ ಹೆಂಡತಿಯ ತಾಟಿಗೆ ಬಾಯಿ ಹಾಕುವ ಧೈರ್ಯ ಅದಕ್ಕೂ ಇಲ್ಲ.) ಓಣಿಯ ಇನ್ನೊಂದು ಟಗರು ಹಾವು ಕಚ್ಚಿ ಸತ್ತ ಮೇಲೆ ಮೆಹಬೂಬನಿಗೆ ದಿಗಿಲು. ಇನ್ಶೂರನ್ಸ್ ಮಾಡಿಸಬೇಕೆಂದ. ನಾನು ಕನ್ನಡ ಶಾಲೆಯ ಮಾಸ್ತರ, ಊರಿನ ಫಾರ್ಮುಗಳೆಲ್ಲ ನನ್ನ ಪಾಲಿಗೆ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ವಿಮಾ ಸಾಹೇಬರನ್ನು ಕರೆಸಿದೆ.

ಟಗರು ತಾಲೂಕಿನ ಊರು ಜತ್ತಿನಲ್ಲಿದ್ದರೆ ವಿಮೆಯ ದರ ಕಡಿಮೆಯಂತೆ. ಅಸಂಗಿಗೆ ದನದ ದವಾಖಾನೆ ದೂರ, ಆದ್ದರಿಂದ ಜಾಸ್ತಿ. ಆಮೇಲೆ ತಳಿಯ ಕಾಲಂನಲ್ಲಿ ‘ಲೋಕಲ್’ ಎಂದು ಗೀಚಿ, ಬೆಲೆ ನಾಲ್ಕು ಸಾವಿರ ಎಂದರು. ಊರು ದೂರವೆಂದು ದರ ಏರಿಸಿದರು, ಇದೇ ಸೀಮೆಯ ತಳಿಯೆಂದು ಬೆಲೆ ಇಳಿಸಿದರು. ಇದ್ಯಾವ ನ್ಯಾಯ? ನನಗೆ ಮೈ ಉರಿಯಿತು.

“ಸಾಹೇಬ್ರ, ನಾಳಿ ಮಾಡಗ್ಯಾಳ ಸಂತಿಗಿ ಬರ್ರಿ. ಇದರ ಕಿಮ್ಮತ್ತು ಅಲ್ಲಿ ತಿಳೀತೈತಿ,” ಎಂದೆ. ಬಂದರು, ಪಾಪ. ನಾವೂ ಸುಲ್ತಾನನನ್ನು ಟೆಂಪೋ ಹತ್ತಿಸಿಕೊಂಡು ಹೋದೆವು.

ಆ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಕೆಳಗೆ ಕೈಹಿಡಿದು ಬೆರಳು ಒತ್ತುತ್ತಾರೆ. ಸುಲ್ತಾನನಂಥ ಟಗರಿಗೆ ಬೆರಳಿಗೆ ಹತ್ತು ಸಾವಿರ. ದಲಾಲಿ ಶಿವಪ್ಪ ಸಾಹೇಬರ ಕೈಯನ್ನು ಟವೆಲ್ ಕೆಳಗೆ ಎಳೆದುಕೊಂಡು ಮೂರು ಬೆರಳು ಒತ್ತಿದ. ಸಾಹೇಬರು ಸಿಟಿಯವರು. ಶೇಕ್‌ಹ್ಯಾಂಡ್ ಇರಬೇಕೆಂದು ಅವನ ಐದೂ ಬೆರಳು ಹಿಡಿದು ಚೆನ್ನಾಗಿ ಕುಲುಕಿದರು.

“ಐವತ್ತಕ್ಕ ವ್ಯಾಪಾರ ಆತು,” ಎಂದು ಶಿವಪ್ಪ ಟವೆಲ್ ಹೆಗಲಿಗೇರಿಸಿದ. “ಟಗರು ಹೊಡ್ಕೊಂಡು ಹೋಗ್ರಿ.”

ಸಾಹೇಬರು ಬೆವೆತರು. ಮೆಹಬೂಬ ಅವರಿಗಿಂತ ಹೆಚ್ಚು ಬೆವೆತ. “ಮಾಸ್ತರ್ರ, ನಾ ಇದನ್ನ ಕೊಡೂದಿಲ್ರಿ,” ಎಂದು ಸುಲ್ತಾನನ ಕೊರಳು ತಬ್ಬಿಕೊಂಡ.

ಶಿವಪ್ಪ ನಗಲಿಲ್ಲ. “ಸಂತ್ಯಾಗ ಬೆರಳು ಹಿಡದ ಮ್ಯಾಲ ಮಾತು ತಿರಗೂದಿಲ್ರಿ ಸಾಹೇಬ್ರ. ಟಗರು ಒಯ್ರಿ, ಇಲ್ಲಾ ಕಿಮ್ಮತ್ತು ಐವತ್ತು ಅಂತ ಬರೀರಿ.”

ಸಾಹೇಬರು ಪೆನ್ನು ತೆಗೆದರು. ಇಡೀ ಸಂತೆಯ ಎದುರು ‘ಲೋಕಲ್’ ಹೊಡೆದುಹಾಕಿ ‘ಮಾಡಗ್ಯಾಳ’ ಎಂದು ಬರೆದರು. ಬೆಲೆ ಐವತ್ತು ಸಾವಿರ! ದೂರದೂರಿನ ದರವನ್ನು ಮಾತ್ರ ಇಳಿಸಲಿಲ್ಲ.

ಬೆಲೆ ಏರಿತೆಂದರೆ ನೀನು ಕಟ್ಟುವ ವಿಮೆಯ ಕಂತೂ ಹತ್ತು ಪಟ್ಟು ಮೀರಿ ಏರಿತು ಎಂದು ಮೆಹಬೂಬನ ಕಿವಿಯಲ್ಲಿ ಹೇಳಿದೆ. ಅವನು ಆಗಲೇ ಕಿಸೆಗೆ ಕೈಹಾಕಿದ್ದ. “ಏರಲಿ ಬಿಡ್ರಿ. ನಮ್ಮ ಸುಲ್ತಾನ ಯಾರಂತ ಕಂಪನಿಗಿ ಗೊತ್ತಾತಲ್ಲ.”

ಟೆಂಪೋದಲ್ಲಿ ಊರಿಗೆ ಮರಳುವಾಗ ಅವನೂ ಟಗರೂ ತಲೆಯೆತ್ತಿ ನಿಂತಿದ್ದರು. ಸುಳ್ಳೇಕೆ, ನನ್ನೆದೆಯೂ ಉಬ್ಬಿತ್ತು.

ಹೆಚ್ಚು ಕಂತು ಕಟ್ಟಿ ಗೆದ್ದೆನೆಂದು ಬೀಗುವ ಗಿರಾಕಿಯನ್ನು ಯಾವ ಕಂಪನಿ ತಾನೇ ಸೋಲಿಸೀತು?