ಮಂಕಾದ ಗಿಟಾರಿಗೆ ಹೊಸ ಪಿಕಪ್

ಆಗ ನಾನು ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ತಗಡು ಒತ್ತುವ ಯಂತ್ರಗಳ ದಢ್ ದಢ್ ಸದ್ದಿನಲ್ಲೇ ವಾರವೆಲ್ಲ ಕಳೆಯುತ್ತಿತ್ತು. ಭಾನುವಾರ ಮಾತ್ರ ನಾಗಸಂದ್ರದ ಬಾಡಿಗೆ ಮನೆಯಲ್ಲಿ, ಕಾಲೇಜಿನ ದಿನಗಳಲ್ಲಿ ಕೊಂಡಿದ್ದ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂರುತ್ತಿದ್ದೆ.

ಆ ವರ್ಷ ಗಿಟಾರಿನ ದನಿ ಮಂಕಾಗತೊಡಗಿತು. ಯಾರೋ ಅದಕ್ಕೆ ಕಂಬಳಿ ಹೊದಿಸಿ ಬಾರಿಸಿದ ಹಾಗೆ. ತಂತಿ ಬದಲಿಸಿದೆ, ಕೇಬಲ್ ಬದಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಜೋರು ಮಾಡಿದರೆ ಕೀಂಯ್ ಎಂದು ಕಿರುಚುವ ರೋಗ ಅದಕ್ಕೆ ಮೊದಲಿನಿಂದಲೂ ಇತ್ತು. ಹಾಗಾಗಿ ತಂತಿಗಳ ಅಡಿಯಲ್ಲಿ ಕೂತು ಅವುಗಳ ಕಂಪನ ಹಿಡಿಯುವ ಪಿಕಪ್ ಕೆಟ್ಟಿದೆ ಎಂದು ತೀರ್ಮಾನಿಸಿದೆ. ನನ್ನದರಲ್ಲಿದ್ದದ್ದು ಹಂಬಕರ್. ಜೋಡಿ ಸುರುಳಿಯ ಪಿಕಪ್ ಅದು. ಕರೆಂಟಿನ ಗುಂಯ್‌ಗುಡುವಿಕೆಯನ್ನು ತಾನೇ ಅಡಗಿಸುತ್ತದೆ. ಅದೇ ಜಾತಿಯದ್ದು, ಆದರೆ ಚೂಪು ದನಿಯದ್ದು ಬೇಕೆಂದು ಹೂಡಿಯಲ್ಲಿದ್ದ ಒಬ್ಬ ಗಿಟಾರ್ ರಿಪೇರಿಯವನ ಹತ್ತಿರ ಹೋದೆ. ಹೆಂಡತಿಯೂ ಜೊತೆಗೆ ಬಂದಳು.

ಅವನ ಮನೆಯ ಹಜಾರವೇ ಅವನ ಅಂಗಡಿ. ಬೇರೆ ಬೇರೆ ಹಂಬಕರ್ ಹಾಕಿದ್ದ ಗಿಟಾರುಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟ.

"ಇದು ತುಂಬಾ ಮೆತ್ತಗಿದೆ," ಎಂದೆ ಮೊದಲನೆಯದಕ್ಕೆ. ಎರಡನೆಯದೂ ಮಂಕೇ. ಮೂರನೆಯದನ್ನು ಬಾರಿಸಿ, "ಪರ್ವಾಗಿಲ್ಲ. ಇನ್ನೂ ಸ್ವಲ್ಪ ಚೂಪಾಗಿರೋದು ಇದ್ಯಾ?" ಎಂದೆ.

ಅವನು ನನ್ನ ಹೆಂಡತಿಯ ಕಡೆ ನೋಡಿದ. ಅವಳು ಎರಡೂ ಕಿವಿ ಮುಚ್ಚಿಕೊಂಡಿದ್ದಳು.

"ಅಣ್ಣ, ಇದಕ್ಕಿಂತ ಚೂಪು ಅಂದ್ರೆ ನಾಯಿಗಳಿಗೆ ಮಾತ್ರ ಕೇಳ್ಸುತ್ತೆ," ಎಂದು ನಕ್ಕ. ನಾನೂ ನಕ್ಕೆ. ಹೆಂಡತಿ ನಗಲಿಲ್ಲ.

ಏನೂ ಕೊಳ್ಳದೆ ಹೊರಟೆವು. ಬಸ್ ಸ್ಟಾಪಿನಲ್ಲಿ ಅವಳು ನನ್ನ ಮುಖಕ್ಕೆ ಎದುರಾಗಿ ನಿಂತು ಹೇಳಿದಳು: "ರೀ, ಕುಕ್ಕರ್ ಸೀಟಿನೂ ನಿಮಗೆ ಈಚೆಗೆ ಕೇಳಂಗಿಲ್ಲ. ಟೀವಿ ಎಷ್ಟು ಜೋರಿಡ್ತೀರಿ ಗೊತ್ತೇನು? ಒಮ್ಮೆ ಡಾಕ್ಟ್ರಿಗೆ ತೋರ್ಸೋಣ."

ನಮ್ಮ ಶಾಪಿನಲ್ಲಿ ಯಂತ್ರಗಳ ಸದ್ದಿಗೇ ಕಿವಿ ಕಳೆದುಕೊಂಡ ಹಳೆಯ ಆಪರೇಟರ್ ಒಬ್ಬರಿದ್ದರು. ಹೆಗಲು ಮುಟ್ಟಿ, ತುಟಿ ಕಾಣುವಂತೆ ನಿಂತು ಮಾತಾಡಿದರೆ ಮಾತ್ರ ಅವರಿಗೆ ತಿಳಿಯುತ್ತಿತ್ತು. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಅವರ ಮುಖವೇ ಕಣ್ಣ ಮುಂದಿತ್ತು. ಆ ವಾರ ಗಿಟಾರನ್ನು ಮುಟ್ಟಲಿಲ್ಲ. ಬಾರಿಸಿದರೆ ಎಷ್ಟು ಕೇಳುತ್ತದೆ, ಎಷ್ಟು ಕೇಳುವುದಿಲ್ಲ ಎಂದು ಗೊತ್ತಾಗಿಬಿಡುತ್ತದೆ ಎನ್ನುವ ಭಯ.

ಕಿವಿ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿದರು. "ಕೆಲಸದಲ್ಲಿ ಇಯರ್‌ಪ್ಲಗ್ ಹಾಕ್ತೀರಾ?" ಎಂದು ಗಟ್ಟಿಯಾಗಿ ಕೇಳಿದರು.

"ದಿನಾ ಹಾಕ್ತೀನಿ ಡಾಕ್ಟ್ರೇ."

"ಹಾಕ್ಲೇಬೇಕು. ಆದ್ರೆ ಅದು ಗುಗ್ಗೆನ ಒಳಗೆ ತಳ್ಳಿ ತಳ್ಳಿ ಎರಡೂ ಕಡೆ ಗೋಡೆ ಕಟ್ಬಿಟ್ಟಿದೆ. ಪರದೆ ಕಾಣ್ತಾನೇ ಇಲ್ಲ. ಡ್ರಾಪ್ಸ್ ಹಾಕಿ, ಮೆತ್ತಗಾದ್ಮೇಲೆ ಬನ್ನಿ, ತೆಗೆಯೋಣ. ಕಿವಿ ಹೇಗಿದೆ ಅನ್ನೋದು ಆಮೇಲೆ."

ಆ 'ಆಮೇಲೆ' ನನ್ನನ್ನು ಬಹಳ ಕಾಡಿತು. ಮತ್ತೆ ಹೋದಾಗ ಬೆಚ್ಚನೆಯ ನೀರು ಬಿಟ್ಟು ತೊಳೆದರು. ಮೊದಲ ಕಿವಿ ತೆರೆದುಕೊಂಡ ಕ್ಷಣ ಇಡೀ ಕೋಣೆ ಸದ್ದಾಗಿ ಒಳಗೆ ನುಗ್ಗಿತು: ಫ್ಯಾನು ಕಿರುಗುಟ್ಟುವುದು, ಡಾಕ್ಟರು ಹಾಳೆ ಮಗುಚುವುದು, ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಬಳೆ. ನಂತರ ಗಾಜಿನ ಕೋಣೆಯಲ್ಲಿ ಕೂರಿಸಿ ಶ್ರವಣ ಪರೀಕ್ಷೆ ಮಾಡಿದರು. ಸಣ್ಣ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಬೆವರಿದ ಬೆರಳಿನಲ್ಲಿ ಒತ್ತುತ್ತಲೇ ಹೋದೆ.

"ಕಿವಿ ಚೆನ್ನಾಗಿದೆ ಕಣ್ರೀ," ಎಂದರು ಡಾಕ್ಟರು. "ಪ್ಲಗ್ ಬಿಡ್ಬೇಡಿ. ವರ್ಷಕ್ಕೊಂದ್ಸಲ ಬಂದು ಕ್ಲೀನ್ ಮಾಡಿಸ್ಕೊಳ್ಳಿ."

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಹೆಂಡತಿಯೂ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅಷ್ಟು ಹೆದರಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಹೋಗಿ ಬಾರಿಸಿದರೆ ಗಿಟಾರ್ ಮಂಕೂ ಅಲ್ಲ, ಏನೂ ಅಲ್ಲ. ಕಿರುಚುವ ರೋಗವೊಂದು ಮಾತ್ರ ನಿಜವಾಗಿತ್ತು. ಅದಕ್ಕಾಗಿ ಗಿಟಾರ್ ಹೊತ್ತು ಮತ್ತೆ ಹೂಡಿಗೆ ಹೋದೆವು. ಅವತ್ತು ನಾನು ಹೊಗಳಿದ್ದ ಮೂರನೆಯ ಹಂಬಕರ್ ಈಗ ಕಿವಿಯೊಳಗೆ ಮೊಳೆ ಹೊಡೆದಂತೆ ಕೇಳಿತು. ಮೆತ್ತಗಿದೆ ಎಂದು ಬದಿಗಿಟ್ಟಿದ್ದ ಮೊದಲನೆಯದರಲ್ಲಿ ಒಂದೊಂದು ತಂತಿಯೂ ಬಿಡಿಬಿಡಿಯಾಗಿ, ದುಂಡಗೆ ನಿಲ್ಲುತ್ತಿತ್ತು.

"ಇದೇ ಹಾಕ್ಬಿಡಿ ಗುರು," ಎಂದೆ.

ಅವನು ಹಳೆಯದನ್ನು ಬಿಚ್ಚಿ ಹೊಸದನ್ನು ಬೆಸೆದು ಕೂರಿಸುವವರೆಗೂ ಅಲ್ಲೇ ಕಾದೆವು. ಆಮೇಲೆ ಆಂಪ್ಲಿಫೈಯರನ್ನು ಪೂರ್ತಿ ಜೋರು ಮಾಡಿ ಬಾರಿಸಿದೆ. ಕಿರುಚಲಿಲ್ಲ. ದನಿ ನಿಧಾನವಾಗಿ ಇಳಿದು ಇಳಿದು ನಿಂತಿತು.

ಹೆಂಡತಿಯ ಕಡೆ ನೋಡಿದೆ. ಈ ಸಲ ಅವಳ ಎರಡೂ ಕೈ ಮಡಿಲಲ್ಲೇ ಇದ್ದವು.

"ಇನ್ನೊಮ್ಮೆ ಬಾರಿಸ್ರೀ," ಎಂದಳು.