ಕಾರಿನ ಕೆಳಗಿನ ಹಸಿರು ನೀರು

ನನ್ನ ಅಕ್ಕ ಸ್ಯಾನ್ ಡಿಯಾಗೋಗೆ ಬಂದು ಐದು ತಿಂಗಳು ಇದ್ದಳು. ನಾನು ಲಾಸ್ ಏಂಜಲೀಸ್ ಕಡೆ, ಕಲ್ವರ್ ಸಿಟಿಯಲ್ಲಿ, ಮಗಳ ಮನೆಯಲ್ಲಿದ್ದೆ. ನಡುವೆ ಎರಡೂವರೆ ಗಂಟೆ ದಾರಿ. ಐದು ತಿಂಗಳಲ್ಲಿ ನಾನು ಅವಳ ಮುಖ ನೋಡಿದ್ದು ಕೊನೆಯ ಎರಡು ದಿನ. ತಪ್ಪು ಕಾರಿನದು ಅಂತ ಎಲ್ಲರೂ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಅಕ್ಕ ಬಂದಿದ್ದು ಅವಳ ಮಗಳ ಬಾಣಂತನಕ್ಕೆ. ನಾನು ಬಂದು ಆಗಲೇ ಎರಡು ವರ್ಷವಾಗಿತ್ತು, ಮೊಮ್ಮಗಳನ್ನು ನೋಡಿಕೊಳ್ಳಲು. ನೋಡಿಕೊಳ್ಳುವುದೇನು, ಅವಳು ಸ್ಕೂಲಿಂದ ಬಂದ ಮೇಲೆ ಹಾಲು ಕೊಡುವುದು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅವಳಿಗೆ ನನ್ನ ಮಾತು ತಿಳಿಯುತ್ತಿತ್ತು, ನನಗೆ ಅವಳದು ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಕಾರುಗಳು ಕಾಣುತ್ತಿದ್ದವು, ಮನುಷ್ಯರು ಕಾಣುತ್ತಿರಲಿಲ್ಲ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ನನ್ನ ಬಾಯಿಗೆ ಕೆಲಸವಿರಲಿಲ್ಲ. ಒಂದು ದಿನ ಸಾರಿಗೆ ಉಪ್ಪು ಹಾಕುವಾಗ "ಸಾಕಾ?" ಅಂತ ಗಟ್ಟಿಯಾಗಿ ಕೇಳಿಬಿಟ್ಟೆ. ಆಮೇಲೆ ನಾನೇ "ಸಾಕು" ಅಂದೆ.

ಅಕ್ಕನಿಗೆ ಕಿವಿ ಮಂದ. ಫೋನಿನಲ್ಲಿ ಮಾತಾಡುವುದು ಗೋಡೆಗೆ ಮಾತಾಡಿದಂತೆ. ಎದುರಿಗೆ ಕೂತರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಹೋಗಿ ಹತ್ತು ದಿನ ಅವಳ ಜೊತೆ ಇದ್ದು ಬರಬೇಕು ಅಂತ ನನ್ನ ಆಸೆ. ಮಗು ನೋಡುವುದಕ್ಕಲ್ಲ. ಹುಟ್ಟಿದ ಮಕ್ಕಳೆಲ್ಲ ಒಂದೇ ತರ ಇರುತ್ತವೆ. ಅಕ್ಕನ ಪಕ್ಕ ಕೂತು ಸೊಪ್ಪು ಬಿಡಿಸುತ್ತ ಮಾತಾಡಬೇಕಿತ್ತು.

ಮೊದಲು "ಹೆರಿಗೆ ಆಗ್ಲಿ, ಮಗು ನೋಡೋಕೇ ಹೋಗೋಣ" ಅಂದರು ಮಗಳು, ಅಳಿಯ. ಹೆರಿಗೆಯಾಯಿತು, ಪುರುಡು ಕಳೆಯಲಿ ಅಂತ ಕಾದೆವು. ಪುರುಡು ಕಳೆಯುವ ಹೊತ್ತಿಗೆ ಕಾರು ಕೆಟ್ಟಿತು.

ಮನೆಗೆ ಇದ್ದದ್ದು ಒಂದೇ ಕಾರು. ಅಳಿಯ ಲಾಂಗ್ ಬೀಚಿಗೆ ಕೆಲಸಕ್ಕೆ ಹೋಗಲು ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಹೊರಡುತ್ತಿದ್ದರು. ಮಗಳು ಗ್ಲೆಂಡೇಲಿನ ಆಫೀಸಿಗೆ ಜೊತೆಯವಳ ಕಾರಿನಲ್ಲಿ ಹೋಗುತ್ತಿದ್ದಳು. ಫ್ರೀವೇ ಮೇಲೆ ಹೋದರೆ ಕಾರಿನ ಬಿಸಿ ತೋರಿಸುವ ಸೂಜಿ ಮೇಲೇರುತ್ತದೆ ಅಂತ ಅಳಿಯ ಹೇಳಿದರು. ಇಂಜಿನ್ ತಣ್ಣಗಿಡುವ ಕೂಲಂಟ್ ಕಡಿಮೆಯಾಗುತ್ತದೆ, ಹಾಕಿದರೆ ನಾಲ್ಕು ದಿನ ಸರಿಯಿರುತ್ತದೆ, ಮತ್ತೆ ಅದೇ ಕತೆ. ಮೆಕ್ಯಾನಿಕ್ಕು ಥರ್ಮೋಸ್ಟಾಟ್ ಬದಲಾಯಿಸಿದ, ರೇಡಿಯೇಟರಿನ ಮುಚ್ಚಳ ಬದಲಾಯಿಸಿದ. ಏನೂ ಆಗಲಿಲ್ಲ.

ಭಾನುವಾರ ನಮ್ಮಲ್ಲಿ ಎರಡು ಮೂರು ಮನೆಯವರು ಸೇರುತ್ತಿದ್ದರು. ಹೆಂಗಸರು ಅಡುಗೆಮನೆಯಲ್ಲಿ, ಗಂಡಸರು ಕಾರಿನ ಸುತ್ತ. ಕಾರಿನ ಮುಂದಿನ ಮುಚ್ಚಳ ಎತ್ತಿ, ಕೈಯಲ್ಲಿ ಬೋಂಡಾ ಹಿಡಿದು, ಹೆಣ್ಣು ನೋಡಲು ಬಂದವರ ಹಾಗೆ ಬಗ್ಗಿ ಬಗ್ಗಿ ನೋಡುತ್ತಿದ್ದರು. ಹೆಂಗಸರ ಮಾತು ಸ್ಕೂಲು, ಸೇಲು. ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಗಂಡಸರ ಮಾತು ತಿಳಿಯುತ್ತಿತ್ತು. ನಮ್ಮ ಯಜಮಾನರು ಬಸ್ ಡ್ರೈವರ್ ಆಗಿದ್ದವರು. ಅದಕ್ಕೆ ನಾನು ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ.

"ಕೂಲಂಟ್ ಎಷ್ಟು ಹಾಕ್ತಿದ್ದೀರಿ?" ಅಂತ ಬೆಂಗಳೂರಿನ ಇಂಜಿನಿಯರೊಬ್ಬರು ಕೇಳಿದರು.

"ವಾರಕ್ಕೆ ಅರ್ಧ ಗ್ಯಾಲನ್ ಹೋಗುತ್ತೆ," ಅಳಿಯ ಅಂದರು.

"ಅರ್ಧ ಗ್ಯಾಲನ್ನಾ! ಕಾರು ಸಾಕಿದ್ದೀರೋ ಎಮ್ಮೆ ಸಾಕಿದ್ದೀರೋ? ಕೆಳಗೆ ಲೀಕ್ ಇದೆಯಾ ನೋಡಿದ್ರಾ?"

"ದಿನಾ ಸಂಜೆ ಟಾರ್ಚ್ ಹಾಕಿ ನೋಡ್ತೀನಿ. ಒಂದು ಹನಿ ಇಲ್ಲ. ನೆಲ ನಮ್ಮ ಅಡುಗೆಮನೆಗಿಂತ ಕ್ಲೀನಾಗಿದೆ."

ಮಂಗಳೂರಿನವರೊಬ್ಬರು ತಲೆಯಾಡಿಸಿದರು. "ಹಾಗಾದ್ರೆ ಇಂಜಿನ್ ಒಳಗೇ ಕುಡೀತಾ ಉಂಟು ಮಾರಾಯ್ರೆ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಲಾಂಗ್ ಡ್ರೈವ್ ಮಾತ್ರ ತಕೊಂಡು ಹೋಗ್ಬೇಡಿ. ದಾರಿ ಮಧ್ಯ ಇಂಜಿನ್ ಹೋದ್ರೆ ಮತ್ತೆ ಕಾರನ್ನು ಅಲ್ಲೇ ಬಿಟ್ಟು ಬರ್ಬೇಕು."

ನಾನು ಕಿಟಕಿಯಿಂದಲೇ, "ನಮ್ಮವರು ಘಾಟಿ ಹತ್ತೋ ಮುಂಚೆ ರೇಡಿಯೇಟರಿಗೆ ಒಂದು ಕೊಡ ನೀರು ಹುಯ್ತಿದ್ರು, ನೀವೂ ಹುಯ್ದು ನೋಡಿ" ಅಂದೆ.

"ಆಂಟಿ, ಇದು ನಿಮ್ಮ ಕೆಂಪು ಬಸ್ಸಲ್ಲ!" ಅಂತ ಇಂಜಿನಿಯರ್ ನಕ್ಕರು. ಎಲ್ಲರೂ ನಕ್ಕರು. ನಾನು ಕುರ್ಚಿ ಒಳಗೆ ಎಳೆದುಕೊಂಡೆ.

ಆಗಸ್ಟಿನಲ್ಲಿ ಒಂದು ಸಲ ಧೈರ್ಯ ಮಾಡಿ ಹೊರಟೆವು. ಬಾಣಂತಿಗೆ ಅಂತ ನಾನು ಅಂಟಿನುಂಡೆ ಕಟ್ಟಿದ್ದೆ, ಒಂದು ಡಬ್ಬಿ ತುಂಬ. ಲಾಂಗ್ ಬೀಚ್ ದಾಟಿದ ಮೇಲೆ ಸೂಜಿ ಏರತೊಡಗಿತು. ಸೂಜಿ ಏರಿದರೆ ಹೀಟರ್ ಪೂರ್ತಿ ಹಾಕಬೇಕು, ಇಂಜಿನ್ ಬಿಸಿಯೆಲ್ಲ ಒಳಗೆ ಎಳೆದುಕೊಳ್ಳುತ್ತದೆ ಅಂತ ಯಾರೋ ಹೇಳಿಕೊಟ್ಟಿದ್ದರು. ಅಳಿಯ ಹಾಕಿದರು. ಹೊರಗೆ ಬೆಂಕಿ ಬಿಸಿಲು, ಒಳಗೆ ಒಲೆ ಬಾಯಿ. ಮೊಮ್ಮಗಳು ಅಳತೊಡಗಿದಳು. ಮಗಳು "ಸಾಕು ರೀ, ತಿರುಗಿಸಿ" ಅಂದಳು. ಅರ್ಧ ದಾರಿಯೂ ಆಗಿರಲಿಲ್ಲ. ಪೆಟ್ರೋಲ್ ಬಂಕಿನ ನೆರಳಿನಲ್ಲಿ ನಿಂತು ಪುಳಿಯೋಗರೆ ತಿಂದು ವಾಪಸು ಬಂದೆವು. ಅಂಟಿನುಂಡೆಯನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಬಾಣಂತಿ ತಿನ್ನಬೇಕಾದದ್ದನ್ನು ಅರವತ್ತೆರಡು ವರ್ಷದ ನಾನು ದಿನಕ್ಕೆ ಒಂದರಂತೆ ತಿಂದು ಮುಗಿಸಿದೆ.

"ರೈಲು ಇದೆಯಂತಲ್ಲ, ಹತ್ತಿಸಿಬಿಡು" ಅಂತ ಮಗಳಿಗೆ ಹೇಳಿದೆ.

"ಒಬ್ಬಳೇ ಹೇಗಮ್ಮ ಹೋಗ್ತೀಯ? ಯಾವ ಸ್ಟೇಷನ್ ಅಂತ ಕೇಳೋಕೂ ಬರಲ್ಲ ನಿಂಗೆ."

ಅದು ನಿಜವೇ. ನಾನು ಓದಿದ್ದು ನಾಲ್ಕನೇ ಕ್ಲಾಸು.

ಇನ್ನು ನನ್ನ ಬೆಳಗಿನ ಕೆಲಸದ ಮಾತು ಹೇಳಬೇಕು. ಆ ಮನೆಗೆ ಅಂಗಳ ಅಂತ ಇರಲಿಲ್ಲ. ಬಾಗಿಲ ಮುಂದೆ ಕಾರು ನಿಲ್ಲಿಸುವ ಸಿಮೆಂಟಿನ ಜಾಗ, ಅಷ್ಟೇ. ಬಾಗಿಲಿಗೆ ನೀರು ಹಾಕದೆ ಒಲೆ ಹಚ್ಚಿದವಳಲ್ಲ ನಾನು. ಕಾರು ಹೋದ ಕೂಡಲೇ ಎರಡು ಬಕೆಟ್ ನೀರು ಹಾಕಿ, ಪೊರಕೆಯಲ್ಲಿ ತಿಕ್ಕಿ, ಬಳಿದು, ಅಕ್ಕಿ ಹಿಟ್ಟಿನಲ್ಲಿ ಒಂದು ಎಳೆ ರಂಗೋಲಿ ಎಳೆಯುತ್ತಿದ್ದೆ. ನೋಡುವವರು ಯಾರೂ ಇಲ್ಲ. ಸಂಜೆ ಅಳಿಯ ಬಂದು ಅದರ ಮೇಲೇ ಕಾರು ನಿಲ್ಲಿಸುತ್ತಿದ್ದರು. ರಜೆಯ ದಿನ ಕಾರು ನಿಂತೇ ಇದ್ದರೆ ಅವರು ಏಳುವ ಮೊದಲೇ ಕಾರಿನ ಕೆಳಕ್ಕೆ ನೀರು ತಳ್ಳಿ ಉದ್ದ ಪೊರಕೆಯಿಂದ ಎಳೆದುಬಿಡುತ್ತಿದ್ದೆ.

ಆ ನೆಲದಲ್ಲಿ ದಿನಾ ಬೆಳಿಗ್ಗೆ ಒಂದಿಷ್ಟು ಹಸಿರು ನೀರು ಇರುತ್ತಿತ್ತು. ಎಳೆ ಗಿಣಿ ಹಸಿರು. ಮುಟ್ಟಿದರೆ ಜಾರು, ಮೂಸಿದರೆ ಸಿಹಿ. ಹೊಲಸು ಅಂತ ತೊಳೆದುಹಾಕುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಯಾಕೆಂದರೆ ಹಿಂದಿನ ಬೇಸಗೆಯಲ್ಲಿ ಅಂಗಡಿಯ ಮುಂದೆ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ನೋಡಿ "ಅಯ್ಯೋ, ಕಾರು ಸೋರ್ತಿದೆ" ಅಂತ ಕೂಗಿಕೊಂಡಿದ್ದೆ. ಅಳಿಯ ನಗುತ್ತ, "ಅತ್ತೆ, ಅದು ಎಸಿ ನೀರು. ಎಲ್ಲಾ ಕಾರಲ್ಲೂ ಬರುತ್ತೆ. ಅದಕ್ಕೇನೂ ಆಗಲ್ಲ" ಅಂದಿದ್ದರು. ಆ ಭಾನುವಾರ ಬಂದವರಿಗೆಲ್ಲ ಆ ಕತೆ ಹೇಳಿ ನಗಿಸಿದ್ದರು. ಆಮೇಲೆ ಕಾರಿನ ಕೆಳಗೆ ಏನು ಕಂಡರೂ ನನಗೆ ಅದು ಎಸಿ ನೀರೇ. ನಮ್ಮವರ ಬಸ್ಸಿನ ರೇಡಿಯೇಟರು ಕುಡಿಯುತ್ತಿದ್ದದ್ದು ಬಾವಿ ನೀರು. ಇವರು ಹಾಕುವ ಕೂಲಂಟ್ ಹಸಿರಾಗಿರಬಹುದು ಅಂತ ನನಗೆ ಕನಸಿನಲ್ಲೂ ಹೊಳೆಯಲಿಲ್ಲ.

ಅಕ್ಟೋಬರ್ ಬಂತು. ಅಕ್ಕನ ವಿಮಾನ ಒಂದು ಸೋಮವಾರ ಮಧ್ಯಾಹ್ನ, ನಮ್ಮ ಲಾಸ್ ಏಂಜಲೀಸಿನಿಂದಲೇ. ಅದಕ್ಕೆ ಎಂಟು ದಿನ ಮುಂಚಿನ ಭಾನುವಾರಕ್ಕೆ ಮಂಗಳೂರಿನವರು ತಮ್ಮ ಕಾರು ಕೊಡುತ್ತೇನೆ ಅಂದಿದ್ದರು. ನಾನು ಚೀಲ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದೆ. ಅವರಿಗೆ ಊರಿಂದ ನೆಂಟರು ಬಂದರಂತೆ, ಕಾರು ಬರಲಿಲ್ಲ.

"ಹೋಗ್ಲಿ ಬಿಡಿ ಅತ್ತೆ," ಅಂದರು ಅಳಿಯ. "ಏರ್‌ಪೋರ್ಟ್ ಇಲ್ಲೇ ಹತ್ತು ನಿಮಿಷ. ಅವತ್ತು ಅಲ್ಲೇ ನೋಡಬಹುದಲ್ಲ."

"ಬರೀ ನೋಡೋದಾದ್ರೆ ಹೆಣಾನೂ ನೋಡಬಹುದು," ಅಂದೆ.

"ಅಮ್ಮ!" ಅಂತ ಮಗಳು ಕೂಗಿದಳು. ಅಂದದ್ದು ತಪ್ಪೇ. ಹಿಂದಕ್ಕೆ ತಗೊಳ್ಳಲಿಲ್ಲ.

ಮರುದಿನ ಬಾಗಿಲಿಗೆ ನೀರು ಹಾಕಲಿಲ್ಲ. ಯಾರಿಗೆ ಹಾಕಬೇಕು, ಕಾರಿನ ಚಕ್ರಕ್ಕಾ ಅಂತ ಪೊರಕೆಯನ್ನು ಮೂಲೆಗೆ ನಿಲ್ಲಿಸಿದೆ. ಮದುವೆಯಾಗಿ ಬಂದ ಮೇಲೆ ಮುಟ್ಟಿನ ದಿನ, ಬಾಣಂತನ ಬಿಟ್ಟರೆ ನಾನು ಬಾಗಿಲಿಗೆ ನೀರು ಹಾಕದೆ ಇದ್ದದ್ದು ಅದೇ ಮೊದಲು. ಹಾಗೇ ಐದು ದಿನ ಬಿಟ್ಟೆ. ಕೆಳಗೆ ಏನೂ ಸಿಗದೆ ಬೇಸತ್ತು ಅಳಿಯ ಸಂಜೆ ಟಾರ್ಚ್ ಹಿಡಿಯುವುದನ್ನು ಆಗಲೇ ಬಿಟ್ಟಿದ್ದರು.

ಶನಿವಾರ ಬೆಳಿಗ್ಗೆ ಅಳಿಯ ಕಸದ ಡಬ್ಬಿ ಎಳೆದುಕೊಂಡು ಹೋಗುವಾಗ ಕಾಲು ಜಾರಿ ಬಿದ್ದರು. ಎದ್ದವರು ನೆಲ ಮುಟ್ಟಿ, ಮೂಸಿ, ಮಂಡಿಯೂರಿ ಕಾರಿನ ಕೆಳಗೆ ನೋಡಿದರು.

"ಅತ್ತೆ, ಇಲ್ಲಿ ಬನ್ನಿ. ಇದು ಯಾವಾಗಿಂದ ಇದೆ?"

"ಮೊದಲಿಂದ ಇದೆ. ನಾನು ದಿನಾ ತೊಳೀತಿದ್ದೆ."

"ತೊಳೀತಿದ್ರಾ?"

"ನೀವೇ ಹೇಳಿದ್ರಲ್ಲ, ಎಸಿ ನೀರು ಅಂತ."

"ಎಸಿ ನೀರು ಹಸಿರಾಗಿರುತ್ತಾ ಅತ್ತೆ?"

"ನಂಗೇನು ಗೊತ್ತು? ನಿಮ್ಮ ಊರಲ್ಲಿ ಕೇಕೇ ನೀಲಿ ಇರುತ್ತೆ."

ಅವರು ಆ ಒದ್ದೆಯಲ್ಲೇ ಕೂತುಬಿಟ್ಟರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಬೈದಿದ್ದರೂ ಆಗುತ್ತಿತ್ತು. ಇಂಜಿನಿಯರ್ ಬಂದು ನೋಡಿದರು. ಹೆಡ್ ಗ್ಯಾಸ್ಕೆಟ್ಟೂ ಇಲ್ಲ, ಏನೂ ಇಲ್ಲ. ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪಿಗೆ ಬಿಗಿಯುವ ಕ್ಲಾಂಪು ಸಡಿಲವಾಗಿತ್ತು. ಇಂಜಿನ್ ಬಿಸಿಯಿದ್ದಾಗ ಪೈಪು ಉಬ್ಬಿ ಬಿಗಿಯಾಗುತ್ತದೆ, ರಾತ್ರಿ ತಣ್ಣಗಾದಾಗ ಸೋರುತ್ತದೆ. ಸ್ಕ್ರೂಡ್ರೈವರಿನಿಂದ ನಾಲ್ಕು ಸುತ್ತು ತಿರುಗಿಸಿದರು. ಒಂದು ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಡ್ರೈವರ್ ಹೆಂಡತಿಯಾದ ನಾನು ಅದನ್ನು ಮೂರೂವರೆ ತಿಂಗಳು ನನ್ನ ಕೈಯಾರೆ ತೊಳೆದು ಬಚ್ಚಿಟ್ಟಿದ್ದೆ.

ಭಾನುವಾರ ಹೊರಟೆವು. ಸೂಜಿ ನಡುವಿನಲ್ಲಿ ನಿಂತದ್ದು ಅಲ್ಲಾಡಲಿಲ್ಲ. ಅಕ್ಕನ ಮನೆಯಲ್ಲಿ ಸೂಟ್‌ಕೇಸು ಕಟ್ಟುವ ಗಡಿಬಿಡಿ, ತೂಕ ನೋಡುವುದು, ತೆಗೆಯುವುದು, ಮತ್ತೆ ತುರುಕುವುದು. ಅಕ್ಕ ಸೊರಗಿಹೋಗಿದ್ದಳು. "ಬಂದ್ಯಾ?" ಅಂದಳು. "ಬಂದೆ" ಅಂದೆ. ಅಷ್ಟರಲ್ಲಿ ಮಗು ಅತ್ತಿತು, ಅವಳು ಎದ್ದು ಹೋದಳು. ಎಳೆಗೂಸು ಇರುವ ಮನೆಯಿಂದ ಏರ್‌ಪೋರ್ಟಿಗೆ ಯಾರು ಬರುತ್ತಾರೆ, ಅವತ್ತೇ ಅಕ್ಕನನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಿ ಮರುದಿನ ನಾವೇ ವಿಮಾನ ಹತ್ತಿಸುವುದು ಅಂತ ತೀರ್ಮಾನವಾಯಿತು. ನಾನು ಒಳಗೇ ಲೆಕ್ಕ ಹಾಕಿದೆ: ಕಾರಿನಲ್ಲಿ ಎರಡೂವರೆ ಗಂಟೆ. ಹತ್ತು ದಿನದ ಮಾತನ್ನು ಅಷ್ಟರಲ್ಲಿ ಆಡಿಬಿಡಬೇಕು.

ಹಿಂದಿನ ಸೀಟಿನಲ್ಲಿ ನಾನು ನಡುವೆ, ಆಚೆ ಅಕ್ಕ, ಈಚೆ ಮೊಮ್ಮಗಳು. ಅಕ್ಕನ ತೊಡೆ ತಟ್ಟಿ, ಮುಖ ನನ್ನ ಕಡೆ ತಿರುಗಿಸಿಕೊಂಡು ಶುರು ಮಾಡಿದೆ. ಸಮುದ್ರ ಕಾಣುವ ಮೊದಲೇ ಅವಳು ನಿದ್ದೆ ಹೋದಳು. ತಲೆ ನನ್ನ ಭುಜದ ಮೇಲೆ, ಬಾಯಿ ತೆರೆದಿತ್ತು. ನಾಲ್ಕು ತಿಂಗಳಿಂದ ಮಗುವಿನ ಜೊತೆ ಎದ್ದಿದ್ದವಳು. ಎಬ್ಬಿಸಲಿಲ್ಲ. ಇರ್ವೈನ್ ಹತ್ತಿರ ಟ್ರಾಫಿಕ್ ನಿಂತಾಗ ಅಳಿಯ "ಥತ್" ಅಂದರು. ಅಷ್ಟು ಕಾರುಗಳಲ್ಲಿ ಆ ಟ್ರಾಫಿಕ್ ಬೇಕು ಅನ್ನಿಸಿದ್ದು ನನ್ನೊಬ್ಬಳಿಗೇ. ಹೀಗೇ ನಿಂತಿರಲಿ, ಇವಳು ಎದ್ದಾಳು ಅಂತ. ಆ ಸೂಜಿಯನ್ನೇ ನೋಡುತ್ತಿದ್ದೆ. ಬೇಡದಾಗೆಲ್ಲ ಏರಿದ್ದು ಅವತ್ತು ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಸ್ವಲ್ಪ ಹೊತ್ತಿಗೆ ದಾರಿ ಬಿಟ್ಟಿತು. ನಮ್ಮ ಮನೆ ಸೇರಿದಾಗ ರಾತ್ರಿಯಾಗಿತ್ತು, ಅಕ್ಕ ಕಾರಿಳಿದವಳು ನೇರ ಹಾಸಿಗೆಗೆ ಹೋದಳು.

ಸೋಮವಾರ ಬೆಳಿಗ್ಗೆ ನಾನು ಬಕೆಟ್ ಹಿಡಿದು ಹೊರಗೆ ಬಂದರೆ ಅಕ್ಕ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಅಳಿಯ ರಜೆ ಹಾಕಿದ್ದರು, ಕಾರು ಅಲ್ಲೇ ಇತ್ತು. ಹಸಿರು ನೀರಿನ ಕತೆ ಹೇಳಿದೆ, ಅವಳು ನನ್ನ ತುಟಿ ನೋಡುತ್ತ ಕೇಳಿದಳು.

"ಚಿಕ್ಕಂದಿನಿಂದ ನೀನು ಹಂಗೇ ಕಣೇ," ಅಂದಳು. "ತೊಳೆದಿದ್ದೇ ತೊಳೆಯೋದು. ಒಂದು ದಿನ ಕೊಳೆಯಾಗಿ ಬಿಟ್ಟಿದ್ರೆ ನಾನು ಸಿಕ್ತಿದ್ದೆ."

ನಕ್ಕಳು. ನಾನೂ ನಕ್ಕೆ. ಐದು ತಿಂಗಳಲ್ಲಿ ನಾವಿಬ್ಬರು ಕೂಡಿ ಆಡಿದ ಮಾತು ಅಂದರೆ ಅದು. ಮಧ್ಯಾಹ್ನ ಏರ್‌ಪೋರ್ಟಿನವರು ಗಾಲಿ ಕುರ್ಚಿಯಲ್ಲಿ ಅವಳನ್ನು ತಳ್ಳಿಕೊಂಡು ಹೋದರು. ಕರೆದೆ, ಕೇಳಿಸಲಿಲ್ಲ.

ಮಂಗಳವಾರ ಕಾರು ಹೋದ ಮೇಲೆ ನೋಡಿದೆ. ನೆಲ ಒಣಗಿತ್ತು. ಆದರೂ ನೀರು ಹಾಕಿದೆ.

ಆಮೇಲೆ ಭಾನುವಾರ ಗಂಡಸರು ಕಾರಿನ ಮುಚ್ಚಳ ಎತ್ತಿದಾಗೆಲ್ಲ ಇಂಜಿನಿಯರ್ ಕಿಟಕಿ ಕಡೆ ತಿರುಗಿ, "ಆಂಟಿ, ನೆಲ ಏನನ್ನುತ್ತೆ?" ಅಂತ ಕೇಳುತ್ತಿದ್ದರು. ತಮಾಷೆಗೇ ಕೇಳುತ್ತಿದ್ದದ್ದು, ಗೊತ್ತಿತ್ತು. "ಒಣಗಿದೆ" ಅನ್ನುತ್ತಿದ್ದೆ. ಆದರೂ ಅವರು ಬರುವ ಹೊತ್ತಿಗೆ ಕುರ್ಚಿಯನ್ನು ಮತ್ತೆ ಕಿಟಕಿ ಹತ್ತಿರ ಎಳೆದಿಟ್ಟುಕೊಳ್ಳುತ್ತಿದ್ದೆ.